ಸಹಾಯ ಬೇಕು: ಕತ್ತು, ಹೆಗಲು ಬಿಗಿತಕ್ಕೆ ಏನು ಮಾಡ್ತೀರಿ?

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿದ್ದೇನೆ. ಮಾರ್ಚ್ ಲೆಕ್ಕ ಶುರುವಾದಾಗಿನಿಂದ ಕತ್ತು, ಹೆಗಲು ಕಲ್ಲಿನ ಹಾಗೆ ಬಿಗಿದುಕೊಂಡಿವೆ. ಸಂಜೆ ಕ್ಯಾಶ್ ಟ್ಯಾಲಿ ಆಗದಿದ್ದರೆ ಹೆಗಲು ಕಿವಿವರೆಗೆ ಏರಿರುತ್ತದೆ, ಹಲ್ಲು ಕಚ್ಚಿಕೊಂಡಿರುತ್ತೇನೆ. ನನಗೇ ಗೊತ್ತಾಗುವುದಿಲ್ಲ. ಮೂಳೆಗೆ ಏನೂ ಆಗಿಲ್ಲ, ಟೆನ್ಷನ್‌ನಿಂದ ಸ್ನಾಯು ಬಿಗಿಯಾಗಿದೆ ಎಂದರು ಡಾಕ್ಟರ್. ಬಿಸಿನೀರಿನ ಶಾಖ ಕೊಟ್ಟರೆ ಒಂದು ಗಂಟೆ ಹಾಯೆನಿಸುತ್ತದೆ, ಅಷ್ಟೇ.

ಈಗ ರಾತ್ರಿ ಮಲಗಿ, ಪಾದದಿಂದ ಹಣೆವರೆಗೆ ಒಂದೊಂದೇ ಭಾಗವನ್ನು 5 ಸೆಕೆಂಡು ಬಿಗಿಹಿಡಿದು, 20 ಸೆಕೆಂಡು ಸಡಿಲ ಬಿಡುತ್ತಿದ್ದೇನೆ. ಜೇಕಬ್ಸನ್ ವಿಧಾನ ಅಂತಾರಲ್ವಾ, ಅದು. ಕಾಲು ಚೆನ್ನಾಗಿ ಸಡಿಲವಾಗುತ್ತದೆ. ಹೆಗಲಿಗೆ ಬಂದಾಗ ಮಾತ್ರ ನೋವು ಜಾಸ್ತಿ. ನೋವಿರುವ ಕಡೆ ಬಿಗಿಹಿಡಿಯೋದು ಬಿಡಬೇಕಾ? ಕೌಂಟರ್‌ನಲ್ಲಿ ಕೂತೇ ಮಾಡುವಂಥದ್ದು ಏನಾದರೂ ಇದೆಯಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.