ಅಪ್‌ಡೇಟ್: ಗೊಟಿಂಗೆನ್ ಅರಣ್ಯಶಾಸ್ತ್ರದ ಸ್ನಾತಕೋತ್ತರ ಪದವಿಗೆ ಪ್ರವೇಶ ಸಿಕ್ಕಿತು

ಶಿರಸಿಯಲ್ಲಿ ಬಿ.ಎಸ್ಸಿ. ಅರಣ್ಯಶಾಸ್ತ್ರ ಮುಗಿಸಿದ ನಾನು, ಜರ್ಮನಿಯ ಗೊಟಿಂಗೆನ್ ವಿಶ್ವವಿದ್ಯಾಲಯದ ಉಷ್ಣವಲಯ ಮತ್ತು ಅಂತರರಾಷ್ಟ್ರೀಯ ಅರಣ್ಯಶಾಸ್ತ್ರದ ಸ್ನಾತಕೋತ್ತರ ಪದವಿಗೆ ಉದ್ದೇಶಪತ್ರವನ್ನು (ಆ ಪದವಿಯನ್ನು ಏಕೆ ಓದಬಯಸುತ್ತೇನೆಂದು ಅರ್ಜಿಯೊಂದಿಗೆ ಕೊಡುವ ಬರಹ) ಹೇಗೆ ಬರೆಯಬೇಕೆಂದು ಕೆಲವು ತಿಂಗಳ ಹಿಂದೆ ಕೇಳಿದ್ದೆ. ಮೊನ್ನೆ ಪ್ರವೇಶಪತ್ರ ಕೈಸೇರಿತು.

ಹವಾಮಾನ ಬದಲಾವಣೆಯ ದೊಡ್ಡ ಮಾತುಗಳನ್ನು ಬಿಟ್ಟು ಊರಿನ ಕಾಡನ್ನೇ ಬರೆಯಿರಿ ಎಂದವರ ಸಲಹೆಯೇ ಫಲಿಸಿತು ಎಂದು ನನ್ನ ನಂಬಿಕೆ. ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟದ ಹಕ್ಕು ಯಾರದು, ಹುಳಿಗೆ ಬಳಸುವ ಕಾಡಿನ ಉಪ್ಪಾಗೆ ಹಣ್ಣನ್ನು ಪೂರ್ತಿ ಬಲಿಯುವ ಮೊದಲೇ ಕೊಯ್ದರೆ ಸಸಿ ಹುಟ್ಟುವುದಕ್ಕೆ ಏನಾಗುತ್ತದೆ ಎಂಬ ಎರಡೇ ಪ್ರಶ್ನೆಗಳ ಸುತ್ತ ಇಡೀ ಪತ್ರವನ್ನು ಹೆಣೆದೆ. ಪ್ರತಿ ವಿಷಯದ ಪಠ್ಯವಿವರವನ್ನು ಕ್ಷೇತ್ರಕಾರ್ಯದ ದಿನಗಳ ಸಮೇತ ಲಗತ್ತಿಸಿದ್ದೂ ನೆರವಾಯಿತು. ಪ್ರಾಧ್ಯಾಪಕರಿಗೆ ಮೊದಲೇ ಮೇಲ್ ಮಾಡಿ ಎಂಬ ಸಲಹೆ ಮಾತ್ರ ನಡೆಯಲಿಲ್ಲ; ಹನ್ನೊಂದು ಮೇಲ್‌ಗಳಿಗೆ ಬಂದದ್ದು ಒಂದೇ ಉತ್ತರ, ಅದೂ ‘ನಿಯಮದಂತೆ ಅರ್ಜಿ ಸಲ್ಲಿಸಿ’ ಎಂದು.

ಹಣದ ವಿಚಾರದಲ್ಲಿ, ಬೋಧನಾ ಶುಲ್ಕವಿಲ್ಲದಿದ್ದರೂ ವೀಸಾಕ್ಕಾಗಿ ನಿರ್ಬಂಧಿತ ಖಾತೆಯಲ್ಲಿ (ತಿಂಗಳಿಗೆ ಇಂತಿಷ್ಟೇ ಹಣ ತೆಗೆಯಬಹುದಾದ ಬ್ಯಾಂಕ್ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕಾಯಿತು. ನಮ್ಮ ಪದವಿ ದಾಖಲೆಗಳನ್ನು ಜರ್ಮನಿಯವರು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಎಲ್ಲಕ್ಕಿಂತ ಮೊದಲು ಅರ್ಜಿ ಹಾಕಿಬಿಡಿ.

ಓದುತ್ತಾ ಹೋದಾಗ ತಿಳಿದ ಸೋಜಿಗವೊಂದಿದೆ. ನಾವು ಮರದ ಸುತ್ತಳತೆಯನ್ನು 1.37 ಮೀಟರ್ ಎತ್ತರದಲ್ಲಿ ಅಳೆಯುತ್ತೇವೆ, ಯುರೋಪಿನವರು 1.3 ಮೀಟರಿನಲ್ಲಿ. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಚ್ ಬ್ರಾಂಡಿಸ್ ಜರ್ಮನಿಯವನೇ ಆದರೂ, ನಮ್ಮ ಟೇಪು ನಿಂತಿರುವುದು ಇಂಗ್ಲಿಷ್ ಅಳತೆಯ ನಾಲ್ಕೂವರೆ ಅಡಿಯಲ್ಲಿ (ಅದೇ 1.37 ಮೀಟರ್)!