ಅಡಿಟಿಪ್ಪಣಿ ಕಲಿಸುವುದು ಹೇಗೆ? ಸಂಶೋಧನ ಮಾರ್ಗದರ್ಶಕರಿಗೆ ಪ್ರಶ್ನೆಗಳು

ಉಪನ್ಯಾಸಕಿ, ಹಾಸನ: ನಮಸ್ಕಾರ ಸರ್. ಕದಂಬರ ಮೇಲೆ ಕಿರುಪ್ರಬಂಧ ಬರೆದ ನನ್ನ ಆರು ಎಂ.ಎ. ವಿದ್ಯಾರ್ಥಿಗಳೂ ತಾಳಗುಂದದ ಸ್ತಂಭಶಾಸನಕ್ಕೆ ‘ಎ.ಕ. 7, ಶಿಕಾರಿಪುರ 176’ (ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಮಾಲೆಯ ಏಳನೆಯ ಸಂಪುಟ, ಶಿಕಾರಿಪುರ ತಾಲೂಕಿನ 176ನೆಯ ಶಾಸನ) ಎಂದು ಅಡಿಟಿಪ್ಪಣಿ ಕೊಟ್ಟಿದ್ದಾರೆ. ಸಂಪುಟವನ್ನು ಒಬ್ಬರೂ ತೆರೆದಿಲ್ಲ. ಅಂಕ ಕಡಿಯಲೇ?

ಮಾರ್ಗದರ್ಶಕರು: ಅಂಕದ ಮಾತು ಆಮೇಲೆ ಮೇಡಂ. ಮೊದಲು ಆರು ಜನರನ್ನೂ ಗ್ರಂಥಾಲಯಕ್ಕೆ ಕರೆದೊಯ್ದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟ ತೆಗೆಯಲು ಹೇಳಿ. ಪರಿಷ್ಕೃತ ಆವೃತ್ತಿ ಕೈಗೆ ಬಂದರೆ ಅದರಲ್ಲಿ ಮಂಡ್ಯ ಜಿಲ್ಲೆಯ ಶಾಸನಗಳಿರುತ್ತವೆ, ತಾಳಗುಂದ ಇರುವ ಶಿಕಾರಿಪುರ ತಾಲೂಕು ಸಿಗುವುದಿಲ್ಲ. ಅವರು ಬರೆದಿರುವುದು ಬಿ.ಎಲ್. ರೈಸ್ ಸಂಪಾದಿಸಿದ 1902ರ ಮೂಲ ಆವೃತ್ತಿಯ ಸಂಖ್ಯೆ. ಯಾವ ಆವೃತ್ತಿ ಎಂದು ಏಕೆ ಬರೆಯಬೇಕು ಎಂಬುದು ಅವರಿಗೆ ಅಲ್ಲಿಯೇ ತಿಳಿಯುತ್ತದೆ. ನಾನು ತರಗತಿಯಲ್ಲಿ ಎಷ್ಟು ಹೇಳಿದರೂ ಹಿಡಿಯದ ಪಾಠ ಇದು.

ಇನ್ನೊಂದು ಮಾತು. ಶಾಸನಪಾಠವನ್ನು ಬೇರೆಯವರ ಪುಸ್ತಕದಲ್ಲಿ ಓದಿದ್ದರೆ ಆ ಪುಸ್ತಕವನ್ನೇ ಹೆಸರಿಸಲಿ, ಅದರಲ್ಲಿ ಅವಮಾನವೇನೂ ಇಲ್ಲ. ಒಂದು ಮೌಖಿಕ ಪರೀಕ್ಷೆಯಲ್ಲಿ ಮೂರು ಪ್ರಬಂಧಗಳನ್ನು ದಾಟಿ ಬಂದ ಒಂದೇ ಅಚ್ಚುದೋಷವನ್ನು ಕಂಡೆ. ಮೂರರಲ್ಲಿಯೂ ಮೂಲ ಸಂಪುಟದ್ದೇ ಅಡಿಟಿಪ್ಪಣಿ. ಆ ದಿನ ನನಗೆ ನಿದ್ದೆ ಬರಲಿಲ್ಲ.

ಸಂಶೋಧನ ವಿದ್ಯಾರ್ಥಿ: ಕೃತಿಚೌರ್ಯ ಪತ್ತೆಮಾಡುವ ತಂತ್ರಾಂಶ ತೋರಿಸುವ, ಬೇರೆ ಬರಹಗಳೊಂದಿಗಿನ ಹೋಲಿಕೆ ಶೇಕಡ ಎಷ್ಟಿರಬಹುದು ಸರ್?

ಮಾರ್ಗದರ್ಶಕರು: ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗೆ ದಂಡವಿಲ್ಲ. 40ರವರೆಗೆ ತಿದ್ದಿ ಮರುಸಲ್ಲಿಕೆ, 60 ದಾಟಿದರೆ ನೋಂದಣಿ ರದ್ದು.

ಉಪನ್ಯಾಸಕ, ಕೊಪ್ಪಳ: ತಾಳೆಗರಿ ಹಸ್ತಪ್ರತಿಯನ್ನು ಉಲ್ಲೇಖಿಸುವಾಗ ಗರಿಯ ಎರಡು ಬದಿಗಳನ್ನು ಹೇಗೆ ಗುರುತಿಸಬೇಕು?

ಸದಸ್ಯ: ನನಗೆ ಬಂದ ಫಾರ್ವರ್ಡ್: ‘ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದರೆ ಹೋಲಿಕೆ ಹುಡುಕುವ ತಂತ್ರಾಂಶ ಹಿಡಿಯುವುದಿಲ್ಲ. ಇಂಗ್ಲಿಷಿಗೆ ತಿರುಗಿಸಿ ಮತ್ತೆ ಕನ್ನಡಕ್ಕೆ ತಂದರೆ ಶೇಕಡ ಇಳಿಯುತ್ತದೆ.’

ಮಾರ್ಗದರ್ಶಕರು: ಇದನ್ನು ಈ ಗುಂಪಿನಲ್ಲಿ ಮೂರನೆಯ ಸಲ ನೋಡುತ್ತಿದ್ದೇನೆ. ಇದು ಕಳ್ಳತನ ಕಲಿಸುವ ಪಾಠ, ಅಳಿಸಿಹಾಕಿ. ತಂತ್ರಾಂಶಕ್ಕೆ ಸಿಗದದ್ದು ಓದುವ ಪರೀಕ್ಷಕರಿಗೆ ಸಿಗುತ್ತದೆ. ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾಕ್ಕೆ ಏರಿದ ಪ್ರಬಂಧವನ್ನು ಹತ್ತು ವರ್ಷದ ಮೇಲೂ ಯಾರು ಬೇಕಾದರೂ ತೆರೆದು ನೋಡಬಹುದು. ಚಾಟ್‌ಜಿಪಿಟಿ ಕೊಟ್ಟ ಗ್ರಂಥಋಣವನ್ನೂ ಹಾಗೆಯೇ ಅಂಟಿಸಬೇಡಿ. ಇಲ್ಲದ ಪುಸ್ತಕಕ್ಕೆ ಅದು ಪುಟಸಂಖ್ಯೆ ಸಮೇತ ವಿವರ ಹುಟ್ಟಿಸುತ್ತದೆ.

ಅಧ್ಯಾಪಕಿ, ಶಿರಸಿ: ವಾಟ್ಸ್‌ಆ್ಯಪ್‌ನಲ್ಲಿ ಬಂದ ವಚನ, ಕೊನೆಗೆ ಕೂಡಲಸಂಗಮದೇವ ಎಂದಿದೆ. ಬಸವಣ್ಣನವರದೆಂದು ಕೊಡಬಹುದೇ?

ಮಾರ್ಗದರ್ಶಕರು: ಅಂಕಿತವನ್ನು ಯಾರು ಬೇಕಾದರೂ ಅಂಟಿಸಬಹುದು. ಸಮಗ್ರ ವಚನ ಸಂಪುಟದಲ್ಲಿ ಹುಡುಕಿ, ಸಂಪುಟ ಮತ್ತು ವಚನಸಂಖ್ಯೆ ಕೊಡಿ. ಸಿಗದಿದ್ದರೆ ಬಿಡಿ.

ಅಧ್ಯಾಪಕ, ಧಾರವಾಡ: ಗ್ರಂಥಋಣದಲ್ಲಿ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಮೊದಲು ಬರಬೇಕು: ‘ಬೇಂದ್ರೆ, ದ.ರಾ.’ ಇದನ್ನೇ ಯಾರೂ ಕಲಿಸುವುದಿಲ್ಲ.

ಅಧ್ಯಾಪಕಿ, ಮೈಸೂರು: ‘ಪುಟ್ಟಪ್ಪ, ಕೆ.ವಿ.’ ಎಂದೂ ಬರೆಯಿಸುತ್ತೀರಾ? ಪುಟ್ಟಪ್ಪ ಅಡ್ಡಹೆಸರಲ್ಲ, ಇಟ್ಟ ಹೆಸರು.

ಅಧ್ಯಾಪಕ, ಧಾರವಾಡ: ಹಾಗಾದರೆ ಎಂ.ಎಂ. ಕಲಬುರ್ಗಿಯವರನ್ನು ಅಕಾರಾದಿಯಲ್ಲಿ ‘ಎ’ಯ ಕೆಳಗೆ ಹುಡುಕಬೇಕೇ? ನಮ್ಮ ಕಡೆಯ ಹೆಸರುಗಳು ನಿಮಗೆ ಅರ್ಥವಾಗುವುದಿಲ್ಲ.

ಅಧ್ಯಾಪಕಿ, ಮೈಸೂರು: ನಮ್ಮ ಕಡೆ, ನಿಮ್ಮ ಕಡೆ ಎಂಬ ಮಾತು ತೆಗೆದವರು ನೀವು. ಇಂಗ್ಲಿಷ್ ಕೈಪಿಡಿಯ ಕ್ರಮವನ್ನು ಎಲ್ಲ ಕನ್ನಡ ಹೆಸರುಗಳ ಮೇಲೂ ಹೇರಬೇಡಿ ಎಂದಷ್ಟೇ ನಾನು ಹೇಳಿದ್ದು.

ಅಧ್ಯಾಪಕ, ಧಾರವಾಡ: ಪಾಠ ಹೇಳಿಸಿಕೊಳ್ಳಲು ನಾನು ಇಲ್ಲಿಗೆ ಬಂದಿಲ್ಲ.

ಮಾರ್ಗದರ್ಶಕರು: ಇಬ್ಬರೂ ನಿಲ್ಲಿಸಿ, ವಿದ್ಯಾರ್ಥಿಗಳು ಓದುತ್ತಿದ್ದಾರೆ. ಯಾವ ಕ್ರಮವಾದರೂ ಆಗಲಿ, ಪ್ರಬಂಧದುದ್ದಕ್ಕೂ ಅದೊಂದೇ ಇರಲಿ.

ಹೊಸ ಸದಸ್ಯೆ: ಸರ್, ಹೋಲಿಕೆ ಶೇಕಡ ಎಷ್ಟಿರಬಹುದು?

ಮಾರ್ಗದರ್ಶಕರು: ಮೇಲೆ ಬರೆದಿದ್ದೇನೆ.

ಉಪನ್ಯಾಸಕ, ಕೊಪ್ಪಳ: ಹಸ್ತಪ್ರತಿಯ ಬಗ್ಗೆ ಬೆಳಿಗ್ಗೆಯೇ ಕೇಳಿದ್ದೆ. ಜಗಳಕ್ಕೆ ಸಿಗುವ ಉತ್ತರ ಪ್ರಶ್ನೆಗೆ ಸಿಗುವುದಿಲ್ಲವೇ?