ಪದ ಬೇಕಿದೆ: ಗ್ರಹಗಳು ಹತ್ತಿರ ಬಂದರೆ ‘ಯುತಿ’ಯೋ ‘ಕೂಟ’ವೋ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಆಕಾಶ ನೋಡುವ ಹವ್ಯಾಸ ಇರುವ ನಾವು ಕೆಲವರು ಸೇರಿ ಒಂದು ಬೋರ್ಡು ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಬೆಳಿಗ್ಗೆ ಬರ್ತಾರೆ. 2026ರ ನವೆಂಬರ್ 16ರ ಬೆಳಗಿನ ಜಾವ ಮಂಗಳ, ಗುರು ಅಕ್ಕಪಕ್ಕ ಕಾಣುತ್ತವೆ. ನಡುವೆ ಸುಮಾರು ಒಂದು ಡಿಗ್ರಿ, ಅಂದರೆ ಚಾಚಿದ ಕೈಯ ಕಿರುಬೆರಳಿನಷ್ಟು ಅಗಲ. ಇದಕ್ಕೆ ‘ಯುತಿ’ ಅಂದರೆ ಜನಕ್ಕೆ ಗೊತ್ತಾಗುತ್ತಾ? ಇನ್ನೊಂದು, ಚಂದ್ರ ಅಡ್ಡ ಬಂದು ನಕ್ಷತ್ರವನ್ನು ಮುಚ್ಚುವುದಕ್ಕೆ ಕೆಲವರು ‘ಆಚ್ಛಾದನೆ’ ಅನ್ನುತ್ತಾರೆ. ಬೋರ್ಡಿಗೆ ಅದು ತುಂಬಾ ಭಾರ. ಬೇರೆ ಪದ ಇದ್ದರೆ ಇವತ್ತೇ ತಿಳಿಸಿ.

*

‘ಯುತಿ’ ಬೇಡವೇ ಬೇಡ. ಓಡು–ಓಟ, ನೋಡು–ನೋಟ, ಕೂಡು–ಕೂಟ. ಅಚ್ಚಗನ್ನಡದ್ದೇ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ‘ಗ್ರಹಕೂಟ’ ಬರೆಸಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

*

ಇದೆ. ವ್ಯುತ್ಪತ್ತಿ ಸರಿ, ಬಳಕೆ ಸರಿಯಲ್ಲ. 1962ರ ಫೆಬ್ರವರಿಯ ‘ಅಷ್ಟಗ್ರಹ ಕೂಟ’ ಹಿರಿಯರಿಗೆ ಇನ್ನೂ ನೆನಪಿದೆ. ಮಕರ ರಾಶಿಯಲ್ಲಿ ಎಂಟೂ ಸೇರಿದವು, ಪ್ರಳಯವೇ ಆಗುತ್ತದೆ ಅಂತ ಹೆದರಿ ದೇಶದ ತುಂಬ ಹೋಮ ಮಾಡಿಸಿದರು. ರಾಶಿ ಅಂದರೆ 30 ಡಿಗ್ರಿ. ಅಷ್ಟು ಅಗಲದಲ್ಲಿ ಎಲ್ಲಿದ್ದರೂ ಕೂಟವೇ. ಯುತಿ ಹಾಗಲ್ಲ, ಎರಡು ಗ್ರಹ ಆಕಾಶದಲ್ಲಿ ಒಂದೇ ರೇಖಾಂಶಕ್ಕೆ ಬರುವ ಗಳಿಗೆ ಅದು. ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತದಲ್ಲಿ ಗ್ರಹಯುತಿಗೇ ಒಂದು ಅಧ್ಯಾಯವಿದೆ. ಕೊಡಗಿನಲ್ಲಂತೂ ಪಂಚಾಂಗದ ಮಾತು ಯಾರಿಗೂ ಹೊಸದಲ್ಲ. ಹುತ್ತರಿಗೆ ಕದಿರು ಕೊಯ್ಯುವ ಹೊತ್ತನ್ನು ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ರೋಹಿಣಿ ನಕ್ಷತ್ರ ನೋಡಿಯೇ ಗೊತ್ತು ಮಾಡುವುದು, ಅಲ್ವಾ?

ಎರಡನೆಯದಕ್ಕೆ ‘ಮರೆ’ ಸಾಕು. ‘ಚಂದ್ರನ ಮರೆಗೆ ರೋಹಿಣಿ’ ಅಂತ ಬರೆದರೆ ಮಕ್ಕಳಿಗೂ ಅರ್ಥವಾಗುತ್ತದೆ. ‘ಗ್ರಹಣ’ ಅಂತ ಮಾತ್ರ ಬರೆಸಬೇಡಿ. ಗ್ರಹಣದಲ್ಲಿ ಚಂದ್ರ ಮೆಲ್ಲಗೆ ಕಪ್ಪಾಗುತ್ತಾನೆ. ಇಲ್ಲಿ ಚಂದ್ರನ ಸುತ್ತ ಗಾಳಿಯ ಹೊದಿಕೆ ಇಲ್ಲದ ಕಾರಣ ನಕ್ಷತ್ರ ಒಂಚೂರೂ ಮಂಕಾಗದೆ ಫಕ್ಕನೆ ಇಲ್ಲವಾಗುತ್ತದೆ. ನೋಡುವವರು ಕಾಯುವುದೇ ಆ ಕ್ಷಣಕ್ಕೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬಂದಾಗಲೇ ಅದಕ್ಕೆ ಉಂಗುರಗಳಿರುವುದು ತಿಳಿದದ್ದು. ತಮಿಳುನಾಡಿನ ನಮ್ಮ ಕಾವಲೂರು ವೀಕ್ಷಣಾಲಯದಿಂದಲೂ ಅದನ್ನು ನೋಡಿದ್ದರು.

*

‘ಮರೆ’ ಒಳ್ಳೆಯ ಪದ, ಒಪ್ಪಿದೆ. ‘ಯುತಿ’ ಒಪ್ಪಲ್ಲ. ಬಳಕೆಯಲ್ಲಿದೆ ಅಂತ ಎಲ್ಲ ಎರವಲನ್ನೂ ಉಳಿಸಿಕೊಂಡರೆ ನಮ್ಮ ಪದಕ್ಕೆ ಹೊಸ ಅರ್ಥ ಬರುವುದು ಯಾವಾಗ?

*

‘ಗ್ರಹ’ವೂ ಎರವಲೇ. ಅದನ್ನು ಬಿಟ್ಟು ಬರೆಯಲು ನಿಮಗೂ ಆಗಲಿಲ್ಲ.

*

ಇಬ್ಬರಿಗೂ ಧನ್ಯವಾದ. ‘ಗುರು–ಮಂಗಳ ಯುತಿ’ ಅಂತ ದಪ್ಪಕ್ಷರ, ಕೆಳಗೆ ಸಣ್ಣದಾಗಿ ‘ಎರಡು ಗ್ರಹ ಅಕ್ಕಪಕ್ಕ’. ಇನ್ನೊಂದಕ್ಕೆ ‘ಮರೆ’. ಪೇಂಟರ್‌ಗೆ ಕಳಿಸಿಬಿಟ್ಟೆ.